ಮನವಿ ಕೊಟ್ಟು ಬಂದ ಮ್ಯಾಲೆ

ರೋಣದ ಬಸ್ ನಿಲ್ದಾಣ, ಜುಲೈ 20ರ ಮಧ್ಯಾಹ್ನ. ನಾಳೆ 21ರ ರೈತ ಹುತಾತ್ಮರ ದಿನ, ಅದಕ್ಕಾಗಿ ಇಬ್ಬರೂ ನರಗುಂದಕ್ಕೆ ಹೋಗಬೇಕು. ಒಬ್ಬರು ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರು, ಮಲಪ್ರಭಾ ಕಾಲುವೆಯ ಕೆಳಗೆ ಸ್ವಲ್ಪ ಹೊಲ ಇರುವವರು, ತಮ್ಮೂರ ಶಾಂತಿ ಸಮಿತಿಯ ಸದಸ್ಯರು. ಇನ್ನೊಬ್ಬಳು ಗಜೇಂದ್ರಗಡದ ಕಡೆಯವಳು, ಕೂಲಿ ಹೆಣ್ಣುಮಕ್ಕಳ ಸಂಘಟನೆಯಲ್ಲಿ ಓಡಾಡುವವಳು.

ಮಾಸ್ತರು: ಕೈಯಾಗಿನ ಕಾಗದ ಏನವ್ವ? ಮನವಿ ಇದ್ದಂಗ ಕಾಣತೈತಿ.

ಕಾರ್ಯಕರ್ತೆ: ಮನವೀನ ರೀ ಸರ್. ಬೆಳಿಗ್ಗೆ ಕೊಟ್ಟು ಬಂದ್ವಿ. ಇದು ಸಿಕ್ಕಾ ಹೊಡೆದು ನಮಗ ಕೊಟ್ಟ ಪ್ರತಿ.

ಮಾಸ್ತರು: ಫೋಟೋ ಆತಿಲ್ಲೊ? ಸಾಹೇಬರು ನಡುವ, ನೀವೆಲ್ಲಾ ಸುತ್ತ, ಒಂದು ಹಾಳಿಗೆ ಆರು ಕೈ. ನಾಳೆ ಪೇಪರಿನಾಗ ‘ಮನವಿ ಅರ್ಪಿಸಿದರು’ ಅಂತ ಬರತೈತಿ.

ಕಾರ್ಯಕರ್ತೆ: ನಗಬ್ಯಾಡ್ರಿ. ಆ ಫೋಟೋ ಇಲ್ಲಂದ್ರ ಮನವಿ ಕೊಟ್ಟದ್ದಕ್ಕ ಸಾಕ್ಷಿನ ಇರಂಗಿಲ್ಲ. ಹ್ವಾದ ವರ್ಷ ಕೊಟ್ಟದ್ದು ಏನಾತು ಅಂತ ಕೇಳಿದ್ರ ‘ಅದು ಹಿಂದಿನ ಸಾಹೇಬರ ಕಾಲದ್ದು’ ಅಂದ್ರು.

ಮಾಸ್ತರು: ಕೇಳಿದ್ದಾದ್ರೂ ಏನು?

ಕಾರ್ಯಕರ್ತೆ: ಕೇರಿ ಮಂದಿಗೆ ಸ್ಮಶಾನಕ್ಕ ಹೋಗಾಕ ದಾರಿ. ಜಾಗಾ ಐತಿ, ದಾರಿ ಇಲ್ಲ. ಬ್ಯಾಸಗಿಯಾಗ ಯಾರರ ತೀರಿಕೊಂಡ್ರ ಹೊಲದ ನಡುವ ಹೊತಗೊಂಡು ಹೋಗತಾರ, ಯಾರೂ ಏನೂ ಅನ್ನಂಗಿಲ್ಲ. ಈಗ ಹೆಸರು ಪೀಕು ನಿಂತೈತಿ. ಮೊನ್ನೆ ಕೇರಿಯಾಗ ಒಬ್ಬಾಕಿ ತೀರಿಕೊಂಡಾಗ ಹೊಲದವ ಅಡ್ಡ ನಿಂತ. ಎರಿ ಹೊಲದ ಬದುವಿನ ಮ್ಯಾಲೆ ಹೊತಗೊಂಡು ಹೋಗಬೇಕಂದ್ರ ಕಾಲು ಮೊಣಕಾಲತನ ಹುಗಿತಾವ್ರಿ. ಅವತ್ತು ಹೆಣ ಹೊತ್ತ ನಾಲ್ಕು ಮಂದಿಯೊಳಗ ಒಬ್ಬ ಬಿದ್ದ. ಹೆಂಗಸರೆಲ್ಲ ಚೀರಾಕ ಹತ್ತಿದ್ರು, ಹುಡುಗರು ಕಲ್ಲು ಎತ್ತಿಕೊಂಡ್ರು. ನಾನು ಅಲ್ಲೇ ಇದ್ದೆ. ಹೆಂಗೋ ಸಮಾಧಾನ ಮಾಡಿ ಮಣ್ಣು ಮಾಡಿಸಿ ಬಂದ್ವಿ. ಮರುದಿನ ಪೊಲೀಸರು ಬಂದು ಶಾಂತಿ ಸಭೆ ಕರೆದ್ರು.

ಮಾಸ್ತರು: ಚಲೋ ಮಾಡಿದ್ರಲ್ಲ.

ಕಾರ್ಯಕರ್ತೆ: ಏನು ಚಲೋ ಸರ್? ಆ ಸಭೆಗೆ ಹೊಲದವನ್ನ ಕರೆದ್ರು, ಊರ ಹಿರೇರನ್ನ ಕರೆದ್ರು, ಪಂಚಾಯ್ತಿ ಮೆಂಬರನ್ನ ಕರೆದ್ರು. ಬಿದ್ದವನ್ನ ಕರೀಲಿಲ್ಲ. ತಾಯಿನ ಕಳಕೊಂಡ ಮಗನ್ನ ಕರೀಲಿಲ್ಲ.

ಮಾಸ್ತರು: ನಾನೂ ಅಂಥ ಸಭೆಯಾಗ ಕೂತಾವ. ಹೆಂಗಿರತಾವ ಅಂತ ನನಗೂ ಗೊತ್ತೈತಿ. ಗಣಪತಿ ಬಂದಾಗೊಮ್ಮೆ, ಈದ್ ಮಿಲಾದ್ ಬಂದಾಗೊಮ್ಮೆ, ಹೋಳಿಗೊಮ್ಮೆ. ಠಾಣೆ ಅಂಗಳದಾಗ ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಾಗ ಅಂಜುಮನ್ ಅಧ್ಯಕ್ಷರು, ಗಜಾನನ ಮಂಡಳಿಯವರು, ಪುರಸಭೆಯವರು, ನನ್ನಂಥ ಒಬ್ಬಿಬ್ಬರು ಮಾಸ್ತರು. ಸಾಹೇಬರು ಡಿ.ಜೆ. ಹಚ್ಚಬ್ಯಾಡ್ರಿ, ಹತ್ತು ಗಂಟೆ ಒಳಗ ವಿಸರ್ಜನೆ ಮುಗಸ್ರಿ, ಮೊಬೈಲಿನಾಗ ಏನೇನರ ಹಾಕಬ್ಯಾಡ್ರಿ ಅಂತಾರ. ನಾವು ‘ನಮ್ಮೂರಾಗ ಹಂಗೇನಿಲ್ರಿ, ಎಲ್ಲಾರೂ ಅಣ್ಣತಮ್ಮಂದಿರಂಗ ಅದೀವಿ’ ಅಂತೀವಿ. ಚಾ ಬರತೈತಿ. ಮುಗೀತು. ಆದ್ರೂ ತಂಗಿ, ಅದು ಬ್ಯಾಡ ಅನ್ನಾಕ ನನ್ನ ಮನಸು ಒಪ್ಪಂಗಿಲ್ಲ. ಒಬ್ಬರ ಮಾರಿ ಒಬ್ಬರು ನೋಡಿರತೀವಲ್ಲ, ನಡುರಾತ್ರಿ ಏನರ ಆದ್ರ ಫೋನ್ ಹಚ್ಚಾಕ ಒಂದು ನಂಬರರ ಇರತೈತಿ.

ಕಾರ್ಯಕರ್ತೆ: ಬ್ಯಾಡ ಅಂತ ನಾನೂ ಅನ್ನೂದಿಲ್ಲ. ಆದ್ರ ಅದು ಹಬ್ಬದ ಬಂದೋಬಸ್ತಿನ ಸಭೆ. ಜಗಳ ಹುಟ್ಟೂದು ಹಬ್ಬದಾಗಲ್ಲ ಸರ್. ಕೂಲಿಯೊಳಗ, ನೀರಿನೊಳಗ, ದಾರಿಯೊಳಗ, ಕ್ಷೌರದ ಅಂಗಡಿಯೊಳಗ. ಹಬ್ಬದಾಗ ಅದು ಕಣ್ಣಿಗೆ ಬೀಳತೈತಿ, ಅಷ್ಟ.

ಮಾಸ್ತರು: ಅದು ಖರೆ. ನಮ್ಮ ನರಗುಂದದ ಇತಿಹಾಸ ತಗದು ನೋಡಿದ್ರ ಎಲ್ಲಾ ಲಡಾಯಿ ಹುಟ್ಟಿದ್ದೂ ಒಂದು ಕೇಳದ ಮಾತಿನಿಂದನ. 1785ರಾಗ ಟಿಪ್ಪು ನರಗುಂದಕ್ಕ ಸೈನ್ಯ ಕಳಿಸಿದ. ಯಾಕ? ಹೆಚ್ಚಿನ ಕಪ್ಪ ಕೊಡು ಅಂದ, ಅಲ್ಲಿಯ ವೆಂಕಟರಾವ ಭಾವೆ ಆಗಂಗಿಲ್ಲ ಅಂದ. ಕ್ವಾಟಿ ಬಿತ್ತು, ವೆಂಕಟರಾವ ಸೆರಿ ಸಿಕ್ಕ. ಅವನ ಬೆನ್ನಿಗೆ ಪುಣೆಯ ಮರಾಠರು ಬಂದ್ರು, ಅವರ ಜತಿಗೆ ಹೈದರಾಬಾದಿನ ನಿಜಾಮ ಬಂದ. ಮರುವರ್ಷ ಬಾದಾಮಿ ಬಿತ್ತು. ಎರಡು ವರ್ಷ ಈ ಸೀಮಿಯೊಳಗ ದಂಡು ಓಡಾಡಿ, ಕಡೀಕ 1787ರ ಏಪ್ರಿಲ್‌ನಾಗ ಒಪ್ಪಂದ ಆತು. ಎಲ್ಲಿ ಆತು ಹೇಳು?

ಕಾರ್ಯಕರ್ತೆ: ನಮ್ಮ ಗಜೇಂದ್ರಗಡದಾಗ. ಶಾಲ್ಯಾಗ ಓದಿದ್ದೆ, ಗುಡ್ಡದ ಮ್ಯಾಲಿನ ಕ್ವಾಟಿ ನೋಡಿದಾಗೆಲ್ಲ ನೆನಪಾಗತಿತ್ತು.

ಮಾಸ್ತರು: ನೋಡು ಮತ್ತ. ಜಗಳ ನರಗುಂದದ್ದು, ಸಂಧಾನ ಗಜೇಂದ್ರಗಡದ್ದು. ಟಿಪ್ಪು ಹಣ ಕೊಡಾಕ ಒಪ್ಪಿದ. ನರಗುಂದ, ಕಿತ್ತೂರು, ಬಾದಾಮಿ ಮರಾಠರಿಗೆ ಅಂತಾತು, ಅದವಾನಿ ನಿಜಾಮನಿಗೆ.

ಕಾರ್ಯಕರ್ತೆ: ಮತ್ತ ನಡುವ ಪೀಕು ತುಳಿಸಿಕೊಂಡ ರೈತರಿಗೆ?

ಮಾಸ್ತರು: ಅದು ರಾಜರಾಜರ ನಡುವಿನ ಒಪ್ಪಂದವ್ವ.

ಕಾರ್ಯಕರ್ತೆ: ಅಂದ್ರ ಆವಾಗಿನ ಶಾಂತಿ ಸಭೆಗೂ ಬಿದ್ದವನ್ನ ಕರೆದಿರಲಿಲ್ಲ.

ಮಾಸ್ತರು: ನೀ ಭಾಳ ಚುರುಕ ಅದೀ. ಹಂಗ 1858ಕ್ಕ ಬಾ. ಬಾಬಾಸಾಹೇಬ, ಅಂದ್ರ ಭಾಸ್ಕರರಾವ ಭಾವೆ. ಮಕ್ಕಳಿಲ್ಲ, ದತ್ತಕ ತಗೊಳ್ಳಾಕ ಒಪ್ಪಿಗಿ ಕೊಡ್ರಿ ಅಂತ ಕಂಪನಿ ಸರ್ಕಾರಕ್ಕ ಬೇಡಿಕೊಂಡ. ಕೊಡಲಿಲ್ಲ. ಮ್ಯಾಲೆ ಹತಾರ ಒಪ್ಪಸ್ರಿ ಅಂತ ಕಾಟ. ಮೇ ತಿಂಗಳ ಕಡೀಕ ಸುರೇಬಾನದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲಿ ಹೋತು. ಜೂನ್ 12ಕ್ಕ ಬೆಳಗಾವ್ಯಾಗ ಬಾಬಾಸಾಹೇಬನ್ನ ಗಲ್ಲಿಗೆ ಹಾಕಿದ್ರು. ಹದಿನೈದು ದಿನದಾಗ ಒಂದು ಸಂಸ್ಥಾನ ಮುಗೀತು. ಆದ್ರ ನಾಳೆ ನಾವು ಸೇರೂದು ಅದಕ್ಕಲ್ಲ.

ಕಾರ್ಯಕರ್ತೆ: 1980ರದ್ದು ಹೇಳ್ರಿ. ನಾನು ಹುಟ್ಟಿರಲಿಲ್ಲ. ಭಾಷಣದಾಗ ಕೇಳೀನಿ, ಆದ್ರ ಭಾಷಣದಾಗ ಎಲ್ಲಾ ‘ಹುತಾತ್ಮ’, ‘ಅಮರ’ ಅಂತನ ಇರತೈತಿ, ಏನಾತು ಅಂತ ಇರಂಗಿಲ್ಲ.

ಮಾಸ್ತರು: ಕೇಳು ಹಂಗಾದ್ರ. ಸವದತ್ತಿ ಕಡೆ ನವಿಲುತೀರ್ಥದಾಗ ಮಲಪ್ರಭಾಕ್ಕ ಆಣಿಕಟ್ಟು ಆತು, ಎಪ್ಪತ್ತರ ದಶಕದಾಗ ಕಾಲುವಿ ಬಂತು. ಜ್ವಾಳ, ಕಡ್ಲಿ ಬಿತ್ತತಿದ್ದ ಎರಿ ಭೂಮಿಗೆ ಹತ್ತಿ ಬಂತು. ವರಲಕ್ಷ್ಮಿ ಹತ್ತಿ, ನಮ್ಮ ಧಾರವಾಡದಾಗ ಕಟಾರಕಿಯವರು ಕಂಡು ಹಿಡದದ್ದು. ಒಂದೆರಡು ವರ್ಷ ರೈತರ ಕೈಯಾಗ ದುಡ್ಡು ಆಡಿತು. ಮಗ್ಗಲಾಗ ಸಾಲನೂ ಬೆಳೀತು, ಗೊಬ್ಬರಕ್ಕ, ಔಷಧಕ್ಕ. ಹಂಗ ಇರಬೇಕಾದ್ರ ಹತ್ತಿ ರೇಟು ಬಿತ್ತು. ಅದ ಹೊತ್ತಿಗೆ ಸರ್ಕಾರದ ನೋಟೀಸು ಬಂದ್ವು, ಅಭಿವೃದ್ಧಿ ಕರ ತುಂಬ್ರಿ ಅಂತ. ನೀರು ಬಂದು ನಿಮ್ಮ ಹೊಲದ ಬೆಲಿ ಏರೈತಿ, ಏರಿದ್ದಕ್ಕ ಕರ. ನೀರು ಬಂದವಗೂ ನೋಟೀಸು, ಕಾಲುವಿ ಕಡೀ ತುದಿಯಾಗ ನೀರ ಕಾಣದವಗೂ ನೋಟೀಸು. ಕೆಲವು ಹೊಲ ಸವಳಾಗಿ ಹಾಳಾಗಿದ್ವು, ಅವಕ್ಕೂ ನೋಟೀಸು.

ಕಾರ್ಯಕರ್ತೆ: ಮನವಿ ಕೊಟ್ಟಿರಲಿಲ್ಲೇನು?

ಮಾಸ್ತರು: ಕೊಡದ ಇರತಾರೇನು? ಸಮನ್ವಯ ಸಮಿತಿ ಮಾಡಿಕೊಂಡು ಊರೂರು ಸಭೆ ಮಾಡಿ ಕೊಟ್ರು. ಕೊಟ್ಟು ಕೊಟ್ಟು ಬ್ಯಾಸತ್ತು ಕಚೇರಿ ಮುಂದ ಧರಣಿ ಕುಂತ್ರು. ಬಾಗಿಲದಾಗ ಅಡ್ಡ ಮಲಗಿದವರನ್ನ ಕಚೇರಿಯವರು ತುಳಕೊಂಡು ಒಳಗ ಹೋದ್ರು ಅನ್ನೂ ಮಾತು ನಮ್ಮೂರಾಗ ಇವತ್ತಿಗೂ ಐತಿ. ನನಗ ಅನಸೂದು, ಆ ಒಂದು ಹೆಜ್ಜಿ ಅವತ್ತು ಇಡದಿದ್ರ ಮುಂದಿನದು ಆಗತಿರಲಿಲ್ಲ. ಕರ ಎಷ್ಟು ಅನ್ನೂದು ಆಮ್ಯಾಲಿನ ಮಾತು. ಮಲಗಿದವನ ಮೈ ದಾಟಿದ್ರಲ್ಲ, ಅದನ್ನ ಮಂದಿ ತಡಕೊಳ್ಳಲಿಲ್ಲ. 1980ರ ಜುಲೈ 21, ಸೋಮವಾರ. ನರಗುಂದ, ನವಲಗುಂದ ಎರಡೂ ಕಡೆ ಬಂದ್. ಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರು. ನರಗುಂದದಾಗ ಗೋಳಿಬಾರ್ ಆತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಿದ್ದ. ಅತ್ತ ನವಲಗುಂದದಾಗ ಅಳಗವಾಡಿಯ ಬಸಪ್ಪ ಲಕ್ಕುಂಡಿ. ನಾಳೆ ನಾವು ಹಾರ ಹಾಕೂದು ಈರಪ್ಪನ ವೀರಗಲ್ಲಿಗೆ.

ಕಾರ್ಯಕರ್ತೆ: ಆಮ್ಯಾಲೆ?

ಮಾಸ್ತರು: ಆಮ್ಯಾಲೆ ಇಡೀ ರಾಜ್ಯ ಎದ್ದಿತು. ಮಲಪ್ರಭಾ ಸೀಮಿ ಕಾಣದವರೂ ಎದ್ರು. ಅದ ವರ್ಷ ಶಿವಮೊಗ್ಗದ ಕಡೆ ರುದ್ರಪ್ಪ, ಸುಂದರೇಶ, ನಂಜುಂಡಸ್ವಾಮಿ ಎಲ್ಲಾ ಕೂಡಿ ರಾಜ್ಯ ರೈತ ಸಂಘ ಕಟ್ಟಿದ್ರು. ಹಸಿರು ಶಾಲು ಬಂತು. ಮರುವರ್ಷ ನರಗುಂದದಿಂದ ಬೆಂಗಳೂರತನ ಪಾದಯಾತ್ರೆ ಹೋತು. ಕರ ವಸೂಲಿ ನಿಂತಿತು. 1983ರಾಗ ಗುಂಡೂರಾವ್ ಸರ್ಕಾರನ ಹೋತು, ಹೆಗಡೆ ಬಂದ್ರು. ಒಂದು ನೋಟೀಸು ಎಲ್ಲಿಂದ ಎಲ್ಲಿಗೆ ಹೋತು ನೋಡು.

ಕಾರ್ಯಕರ್ತೆ: ಸರ್, ಒಂದು ಕೇಳಲ್ಯಾ? ಸಿಟ್ಟಾಗಬಾರದು. ಅವತ್ತು ಪೊಲೀಸರೂ ಸತ್ತಾರಂತಲ್ಲ.

ಮಾಸ್ತರು: ...ಸತ್ತಾರ. ಗೋಳಿ ಹೊಡದ ಮ್ಯಾಲೆ ಮಂದಿ ಕೈಗೆ ಸಿಕ್ಕವರು ಉಳೀಲಿಲ್ಲ.

ಕಾರ್ಯಕರ್ತೆ: ನಾಳೆ ಒಂದು ನಿಮಿಷ ಮೌನ ಅಂತೀರಲ್ಲ, ಆ ಮೌನ ಅವರಿಗೂ ಐತೇನು?

ಮಾಸ್ತರು: ಇಲ್ಲ.

ಕಾರ್ಯಕರ್ತೆ: ಅವರಿಗೂ ಹೆಂಡತಿ ಮಕ್ಕಳು ಇದ್ದಿರಬೇಕು.

ಮಾಸ್ತರು: ಇದ್ದಿರತಾರವ್ವ. ಕಾನ್‌ಸ್ಟೇಬಲ್ ಅಂದ್ರ ಎಲ್ಲೋ ಒಂದು ಒಣಬೇಸಾಯದ ಮನಿಯಿಂದ ಪಗಾರಕ್ಕ ಬಂದಿರತಾನ. ಗೋಳಿ ಹೊಡಿ ಅಂದವರು ಬ್ಯಾರೆ, ಹೊಡದವರು ಬ್ಯಾರೆ, ಸತ್ತವರು ಬ್ಯಾರೆ. ಅದೆಲ್ಲ ಗೊತ್ತೈತಿ ನನಗ. ಆದ್ರ ವೇದಿಕಿ ಮ್ಯಾಲೆ ನಿಂತು ಅದನ್ನ ಹೇಳು ಅಂದ್ರ ನಾ ಹೇಳಂಗಿಲ್ಲ. ಈರಪ್ಪನ ಊರವರು ಮುಂದ ಕುಂತಿರತಾರ. ಸರ್ಕಾರದ ಕಡೆ ಸತ್ತವರಿಗೆ ಸರ್ಕಾರ ಐತಿ, ಪಿಂಚಣಿ ಐತಿ. ನಮ್ಮವನಿಗೆ ಇರೂದು ಆ ಒಂದು ಕಲ್ಲು.

ಕಾರ್ಯಕರ್ತೆ: ನಾನಾದ್ರ ಹೇಳತೀನಿ ಸರ್. ಎರಡೂ ಕಡೆ ಸತ್ತವರನ್ನ ನೆನೆದ್ರ ರೈತರ ನ್ಯಾಯ ಕಡಿಮಿ ಆಗಂಗಿಲ್ಲ. ತುಳಕೊಂಡು ಹೋದದ್ದು ತಪ್ಪಾದ್ರ, ಬಡಿದು ಕೊಂದದ್ದೂ ತಪ್ಪು.

ಮಾಸ್ತರು: ನೀ ಹೇಳು. ಮಂದಿ ಏನಂತಾರ ನೋಡೂಣು. ನಾ ನಿನ್ನ ತಡಿಯಂಗಿಲ್ಲ, ನಿನ್ನ ಜತಿಗೆ ಅನ್ನೂದೂ ಇಲ್ಲ.

ಕಾರ್ಯಕರ್ತೆ: ಇನ್ನೊಂದು ಐತಿ. ನಿಮ್ಮ ಬಂಡಾಯ ಭೂಮಿ ಇದ್ದವರ ಬಂಡಾಯ. ಕರ ಬಿತ್ತು ಅಂದ್ರ ಹೊಲ ಐತಿ ಅಂತನ ಅರ್ಥ. ಆ ಹತ್ತಿ ಬಿಡಿಸಿದವರು ಯಾರು? ಅವರ ಕೂಲಿ ಎಷ್ಟಿತ್ತು ಅಂತ 21ರ ಭಾಷಣದಾಗ ನಾ ಒಮ್ಮೆರ ಕೇಳಿಲ್ಲ. ನಮ್ಮ ಗಜೇಂದ್ರಗಡದ ಕಡೆ ಮಲಪ್ರಭಾ ಕಾಲುವಿನೂ ಇಲ್ಲ. ಗುಡ್ಡ, ಮಸಾರಿ, ತಾಂಡೆಗೋಳು. ಗುಡ್ಡದ ಮ್ಯಾಲೆ ಕಂಪನಿಯವರ ಗಾಳಿ ಫ್ಯಾನು ತಿರಗತಾವ, ತಳಗ ಮಳಿ ಕೈಕೊಟ್ರ ತಾಂಡೆ ಖಾಲಿ. ದೀಪಾವಳಿ ಆತಂದ್ರ ಗುಳೆ. ಮುದುಕರು ಒಂದಿಷ್ಟು ಹುಡುಗರನ್ನ ಕಟ್ಟಿಕೊಂಡು ಉಳೀತಾರ. ನೇಕಾರರ ಓಣಿಯಾಗ ಒಂದು ಕಾಲಕ್ಕ ಮನಿಮನಿಗೂ ಮಗ್ಗದ ಸಪ್ಪಳ ಇತ್ತಂತ. ಪಟ್ಟೇದ ಅಂಚಿನ ಸೀರಿ ನೇಯೂ ಕೈ ಈಗ ಕಡಿಮಿ. ಇವರ್ಯಾರೂ ರೈತ ಅನ್ನೂ ಲೆಕ್ಕದಾಗ ಬರಂಗಿಲ್ಲ.

ಮಾಸ್ತರು: ಇದನ್ನ ರೈತ ಸಂಘಕ್ಕ ಆವಾಗನ ಭಾಳ ಮಂದಿ ಹೇಳ್ಯಾರ. ಉತ್ತರ ಕೊಟ್ಟಿಲ್ಲ ಅನ್ನೂದು ಖರೆ. ರೈತ ಉಳಿದ್ರ ಕೂಲಿಯವ ಉಳೀತಾನ ಅಂತಿದ್ವಿ. ಆದ್ರ ಒಂದು ಮಾತು ಹೇಳತೀನಿ. 2015ರ ಜುಲೈನಾಗ ಮಹದಾಯಿ ನದಿ ನೀರು ಮಲಪ್ರಭಾಕ್ಕ ತಿರುವ್ರಿ ಅಂತ ಧರಣಿ ಶುರು ಆತಲ್ಲ, ಅದು ಬ್ಯಾರೆ ಥರ ಇತ್ತು. ನರಗುಂದದಾಗ ಪೆಂಡಾಲ್ ಹಾಕಿ ಕುಂತವರು ನೂರು ದಿನ ಅಂದ್ರು, ವರ್ಷ ಅಂದ್ರು, ಸಾವಿರ ದಿನ ದಾಟಿತು. ವೀರೇಶ ಸೊಬರದಮಠ ಅವರಂಥವರು ಮುಂದ ಇದ್ರು, ಅದು ಎಲ್ಲಾರಿಗೂ ಗೊತ್ತು. ಆದ್ರ ಪೆಂಡಾಲ್ ಉಳದದ್ದು ಪಾಳಿಯಿಂದ. ಕುಡಿಯೂ ನೀರು ಅಂದ್ ಕೂಡ್ಲೆ ಹೊಲ ಇದ್ದವ, ಇಲ್ಲದವ ಅನ್ನೂದು ಹಿಂದ ಸರೀತು. ನಾ ಹೋದಾಗ ಕಂಡದ್ದು ಹೇಳತೀನಿ. ಒಂದು ತಾಡಪತ್ರಿ, ಮ್ಯಾಲೆ ಎರಡು ಫ್ಯಾನು, ಒಂದು ತಿರಗತಿರಲಿಲ್ಲ. ಮೂಲ್ಯಾಗ ನೀರಿನ ಕೊಡ. ಅದರ ಬಾಜೂಕ ಒಂದು ವಹಿ. ಬಂದವರೆಲ್ಲ ಅದರಾಗ ಹೆಸರು ಬರದು ಸಹಿ ಮಾಡಬೇಕು, ಸಹಿ ಬರದವರು ಹೆಬ್ಬೆಟ್ಟು. ನಾನು ವಹಿ ತಿರುವಿ ಹಾಕಿದೆ. ಹಾಳಿ ಮ್ಯಾಲೆ ಹಾಳಿ, ಹೆಬ್ಬೆಟ್ಟಿನ ನೀಲಿ.

ಕಾರ್ಯಕರ್ತೆ: ಸಿಕ್ಕಿದ್ದೇನು?

ಮಾಸ್ತರು: ಕೇಳಿದ್ದು 7.56 ಟಿಎಂಸಿ. 2016ರ ಜುಲೈ 27ಕ್ಕ ನ್ಯಾಯಮಂಡಳಿ ಮಧ್ಯಂತರ ಆದೇಶದಾಗ ಇಲ್ಲ ಅಂದಿತು. ಸುದ್ದಿ ಬಂದ ಮ್ಯಾಲೆ ನವಲಗುಂದದಾಗ ಕಚೇರಿಗೆ ಬೆಂಕಿ, ಮರುದಿನ ಯಮನೂರಾಗ ಪೊಲೀಸರು ಮನಿ ಹೊಕ್ಕು ಬಡದ್ರು. ಮುದುಕರು, ಹೆಂಗಸರು ಅಂತ ನೋಡಲಿಲ್ಲ, ಟಿ.ವಿ.ಯಾಗ ಇಡೀ ನಾಡ ನೋಡಿತು. ಯಮನೂರು ಅಂದ್ರ ಎಂಥ ಊರು! ಹಿಂದೂಗಳು ಚಾಂಗದೇವ ಅಂತಾರ, ಮುಸ್ಲಿಮರು ರಾಜಾಬಾಗಸವಾರ ಅಂತಾರ, ಒಂದ ಗದ್ದಿಗಿಗೆ ಎರಡೂ ಕಡೆಯವರು ನಡಕೊಳ್ಳತಾರ. 2018ರ ಆಗಸ್ಟ್ 14ಕ್ಕ ಕಡೀ ತೀರ್ಪು ಬಂತು, ಕರ್ನಾಟಕಕ್ಕ ಒಟ್ಟು 13.42 ಟಿಎಂಸಿ. ಅದರಾಗ ವಿದ್ಯುತ್ತಿಗೆ ಅಂತನ ದೊಡ್ಡ ಪಾಲು. ಕಳಸಾದಿಂದ 1.72, ಬಂಡೂರಿಯಿಂದ 2.18, ಇಷ್ಟ ಮಲಪ್ರಭಾಕ್ಕ ತಿರುವೂದು. 2020ರ ಫೆಬ್ರುವರಿಯೊಳಗ ಗೆಜೆಟ್ ಆತು. ಆಮ್ಯಾಲೆ ಅರಣ್ಯದ ಒಪ್ಪಿಗಿ, ವನ್ಯಜೀವಿ ಒಪ್ಪಿಗಿ ಅಂತ ಕಡತ ತಿರಗಾಕ ಹತ್ಯಾವ.

ಕಾರ್ಯಕರ್ತೆ: ನಮ್ಮ ತಾಂಡೆ ಮಂದಿ ಆವಾಗ ನನಗ ಒಂದು ಕೇಳಿದ್ರು, ನನ್ನ ಹತ್ರ ಉತ್ತರ ಇರಲಿಲ್ಲ. ‘ಅಕ್ಕಾ, ನೀವು ಇಲ್ಲಿ ಮಹದಾಯಿ ನೀರು ಕೊಡದ ಗೋವಾಕ್ಕ ಧಿಕ್ಕಾರ ಅಂತೀರಿ, ನಾವು ಕೂಲಿಗೆ ಹೋಗೂದು ಅಲ್ಲಿಗೆ. ಅಲ್ಲಿಯವರು ನಮ್ಮನ್ನ ಏನಂತಾರ?’ ವಾಸ್ಕೋದ ಬೈನಾ ದಂಡಿಮ್ಯಾಲೆ ಜ್ವಾಪಡಿ ಕೆಡವಿದಾಗ ಬೀದಿಗೆ ಬಿದ್ದವರೊಳಗ ನಮ್ಮ ಉತ್ತರ ಕರ್ನಾಟಕದ ಮಂದಿನ ಹೆಚ್ಚು. ನದಿ ಅತ್ತಲಾಗಿನವರಿಗೂ ಬೇಕು. ಅವರ ತೆಂಗು, ಅವರ ಕಾಡು, ಅವರ ಕುಡಿಯೂ ನೀರು. ನಾವು ಕೇಳೂದು ಕೇಳಬೇಕು, ಬಿಡಬೇಕು ಅನ್ನೂದಿಲ್ಲ. ಆದ್ರ ಇತ್ತಲಾಗಿನ ರೈತರು ಅತ್ತಲಾಗಿನ ರೈತರ ಜತಿ ಒಂದು ಸಲರ ಕೂಡಿ ಕೂತು ಮಾತಾಡಬೇಕಿತ್ತು ಅಂತ ನನಗ ಅನಸತೈತಿ. ವಕೀಲರು ಮಾತಾಡಿದ್ರು, ಮಂತ್ರಿಗಳು ಮಾತಾಡಿದ್ರು.

ಮಾಸ್ತರು: ಅದು ಆಗಬೇಕಿತ್ತು. ಕನ್ನಡ, ಕೊಂಕಣಿ ಎರಡೂ ಬರೂ ಮಂದಿ ನಿಮ್ಮ ಗುಳೆ ಹೋದವರ ಹತ್ರನ ಅದಾರ. ಅವರನ್ನ ಯಾರೂ ಮುಂದ ಮಾಡಲಿಲ್ಲ.

ಕಾರ್ಯಕರ್ತೆ: ಸರ್, 2022ರದ್ದು ನೀವು ಹೇಳಲೇ ಇಲ್ಲ.

ಮಾಸ್ತರು: ಹೇಳಾಕ ನಾಲಿಗಿ ಏಳಂಗಿಲ್ಲ. ಜನವರಿ 17ರ ಸಂಜಿ, ನರಗುಂದದಾಗ. ದುಡಿದು ಮನಿಗೆ ಹೊಂಟ ಇಬ್ಬರು ಮುಸ್ಲಿಂ ಹುಡುಗರ ಮ್ಯಾಲೆ ಬಿದ್ರು. ಒಬ್ಬ ಉಳೀಲಿಲ್ಲ. ಅದಕ್ಕೂ ಮೊದಲ ಊರಾಗ ಬೆಂಕಿಯಂಥ ಭಾಷಣ ಆಗಿತ್ತು. ಧರಣಿ ಪೆಂಡಾಲಿನಾಗ ಒಂದ ವಹಿಯಾಗ ಸಹಿ ಮಾಡಿದ ಊರು ಅದು. ನಾಲ್ಕೈದು ವರ್ಷದಾಗ ಅಲ್ಲಿ ಇದಾತು. ಆಮ್ಯಾಲೆ ಶಾಂತಿ ಸಭೆ ಕರೆದ್ರು, ನಾವು ಹೋದ್ವಿ, ಅದ ಕುರ್ಚಿ, ಅದ ಮಾತು. ಭಾಷಣ ಆದ ದಿನ ಯಾಕ ಸಭೆ ಕರೀಲಿಲ್ಲ ಅಂತ ನಾ ಕೇಳಬೇಕಂದೆ. ಕೇಳಲಿಲ್ಲ.

ಕಾರ್ಯಕರ್ತೆ: ಯಾಕ?

ಮಾಸ್ತರು: ಎದುರಿಗೆ ನನ್ನ ಹಳೇ ವಿದ್ಯಾರ್ಥಿಗಳು ಎರಡೂ ಕಡೆ ಕುಂತಿದ್ರು. ಬಾಯಿ ಬರಲಿಲ್ಲ. ನೋಡು, ನಮ್ಮ ಹಳ್ಳ್ಯಾಗ ಮುಸ್ಲಿಮರದು ಒಂದೂ ಮನಿ ಇಲ್ಲ. ಆದ್ರೂ ಅಲಾಯಿ ದೇವರು ಕೂಡತಾವ. ಲಿಂಗಾಯತರ ಮನ್ಯಾಗ ಚೊಂಗೆ ಮಾಡತಾರ, ಹರಕಿ ಹೊತ್ತವರು ಫಕೀರ ಆಗತಾರ. ಬಾಜೂ ಊರಿಂದ ಮುಲ್ಲಾನ್ನ ಕರಕೊಂಡು ಬರತೀವಿ, ಓದಿಕಿ ಮಾಡಸತೀವಿ. ಅಲಾಯಿ ಕುಣಿ ಅಗಿಯೂದು, ಅದರ ಸುತ್ತ ಹೆಜ್ಜಿ ಹಾಕೂದು, ರಾತ್ರಿ ಇಡೀ ಕರ್ಬಲದ ಪದ. ಹಿಂಗಿದ್ದ ಸೀಮಿ ಇದು.

ಕಾರ್ಯಕರ್ತೆ: ಹಲಗಿ ಬಡಿಯಾವ್ರು ಯಾರು ಸರ್?

ಮಾಸ್ತರು: ಕೇರಿಯವರು.

ಕಾರ್ಯಕರ್ತೆ: ದೇವರು ಕೂತ ಮಸೂತಿ ಕಟ್ಟಿ ಮ್ಯಾಲೆ ಏರತಾರೇನು ಅವರು? ಇಲ್ಲ. ಹಿಂದೂ-ಮುಸ್ಲಿಂ ಒಂದ ಅಂತ ಹೇಳೂ ಊರೊಳಗ ಹಲಗಿಯವ ತಳಗ ನಿಂತಿರತಾನ. ಅಲಾಯಿ ಬ್ಯಾಡ ಅಂತಲ್ಲ, ನನಗೂ ಚೊಂಗೆ ಅಂದ್ರ ಪ್ರೀತಿ. ಆದ್ರ ‘ನಮ್ಮೂರ ಭಾವೈಕ್ಯ’ ಅಂತ ಲೇಖನ ಬರಿಯಾವ್ರು ಯಾರೂ ಆ ಹಲಗಿಯವನ್ನ ಮಾತಾಡಿಸಂಗಿಲ್ಲ.

ಮಾಸ್ತರು: ಮಾತಾಡಿಸಿದವರೂ ಇದ್ರವ್ವ. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳಿಗೆ 2001ರಾಗ ಕೋಮು ಸೌಹಾರ್ದದ ರಾಷ್ಟ್ರ ಪ್ರಶಸ್ತಿ ಬಂತು. ಬರೇ ಸೌಹಾರ್ದ ಅಂತ ಮಠದಾಗ ಕೂತಿದ್ರ ನಾ ಅವರ ಹೆಸರು ತಗೀತಿರಲಿಲ್ಲ. ವಾರಕ್ಕೊಮ್ಮೆ ಶಿವಾನುಭವ ಅಂತ ಸಭೆ. ಅಲ್ಲಿ ವೈದ್ಯರು ಮಾತಾಡತಿದ್ರು, ರೈತರು ಮಾತಾಡತಿದ್ರು, ಕಾರ್ಮಿಕರ ಮುಖಂಡರು ಮಾತಾಡತಿದ್ರು. 2011ರಾಗ ಹಳ್ಳಿಗುಡಿ ಕಡೆ ಪೋಸ್ಕೊ ಉಕ್ಕಿನ ಕಾರ್ಖಾನಿಗೆ ಭೂಮಿ ತಗೊಳ್ಳಾಕ ಬಂದಾಗ ರೈತರ ಜತಿಗೆ ಬೀದಿಗೆ ಇಳಿದ್ರು. ಒಂದು ಕಲ್ಲು ಬೀಳಲಿಲ್ಲ, ಒಂದು ಗೋಳಿ ಹಾರಲಿಲ್ಲ. ಸರ್ಕಾರ ಅದನ್ನ ಕೈಬಿಟ್ಟಿತು. 1980ರಾಗ ನರಗುಂದದಾಗ ಅಂಥ ಒಬ್ಬರು ನಡುವ ನಿಂತಿದ್ರ ಅಂತ ಎಷ್ಟೋ ಸಲ ಅಂದುಕೊಂಡೀನಿ.

ಕಾರ್ಯಕರ್ತೆ: ಸ್ವಾಮಿಗಳು ತೀರಿಕೊಂಡು ಭಾಳ ವರ್ಷ ಆತು ಸರ್. ಅಂಥವರು ಬರಲಿ ಅಂತ ಎಷ್ಟು ದಿನ ಕೂಡೂದು? ಸಮಿತಿ ಐತಿ, ನೀವು ಅದರಾಗ ಅದೀರಿ. ನಾ ಕೇಳೂದು ಇಷ್ಟ. ಮುಂದಿನ ಸಭೆಗೆ ನಿಮ್ಮನ್ನ ಕರೀತಾರಲ್ಲ, ನಿಮ್ಮ ಕುರ್ಚಿ ಒಬ್ಬ ಕೇರಿ ಹೆಣ್ಣುಮಗಳಿಗೆ ಬಿಟ್ಟು ಕೊಡ್ರಿ.

ಮಾಸ್ತರು: ನಾ ಬಿಡತೀನಿ. ಆಕಿ ಬರತಾಳೇನು? ಸಭೆ ಇರೂದು ಹಗಲು ಹನ್ನೊಂದಕ್ಕ. ಹನ್ನೊಂದಕ್ಕ ಆಕಿ ಕಳೆ ತಗಿಯಾಕ ಹೋಗಿರತಾಳ. ಬಂದ್ರ ಅವತ್ತಿನ ಪಗಾರ ಹೋತು. ಠಾಣೆ ಮೆಟ್ಟಿಲು ಹತ್ತಾಕ ಅಂಜಿಕಿ ಬ್ಯಾರೆ.

ಕಾರ್ಯಕರ್ತೆ: ಅದಕ್ಕ ಠಾಣೆಯಾಗ ಬ್ಯಾಡ ಅನ್ರಿ. ಕೇರಿ ದುರಗವ್ವನ ಗುಡಿ ಕಟ್ಟಿಗೆ ಇಡಸ್ರಿ, ರಾತ್ರಿ ಎಂಟಕ್ಕ, ಹೆಂಗಸರು ರೊಟ್ಟಿ ಬಡಿದು ಮುಗಿಸಿದ ಮ್ಯಾಲೆ. ಸಾಹೇಬರು ಅಲ್ಲಿಗೆ ಬರಲಿ. ಹಬ್ಬಕ್ಕ ಒಂದು ಸಭೆ ಇರಲಿ. ಬಿತ್ತಿಗಿಗೆ ಮುಂಚೆ ಒಂದು ಇರಲಿ, ದಾರಿ, ಬದು, ಕೂಲಿ ಮಾತಾಡಾಕ. ಗುಳೆ ಹೋಗೂದಕ್ಕ ಮುಂಚೆ ಒಂದು ಇರಲಿ, ಯಾರ ಮಕ್ಕಳು ಎಲ್ಲಿ ಉಳೀತಾವ ಅಂತ ಕೇಳಾಕ. ಅದುವರೆಗೂ ಬಂದ ಮನವಿ ಏನಾದ್ವು ಅಂತ ಅಲ್ಲೇ ಒಂದೊಂದ ಓದಿ ಹೇಳಲಿ.

ಮಾಸ್ತರು: ರಾತ್ರಿ ಎಂಟಕ್ಕ ಅಂದ್ರ ಸಾಹೇಬರು ಬರಂಗಿಲ್ಲ ಅಂತಾರ.

ಕಾರ್ಯಕರ್ತೆ: ಜಗಳ ಆದ್ರ ರಾತ್ರಿ ಎರಡಕ್ಕೂ ಬರತಾರಲ್ರಿ. ಎಂಟಕ್ಕ ಬರಬಹುದು.

ಮಾಸ್ತರು: ಆತು. ಮುಂದಿನ ಸಭೆಯಾಗ ಇದನ್ನ ಎದ್ದು ನಿಂತು ಹೇಳತೀನಿ. ಒಬ್ಬ ಮಾಸ್ತರ ಹೇಳಿದ್ರ ನಗತಾರ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿನ ಸಮಿತಿಯೊಳಗ ಇರೂ ಮಂದಿ ಒಬ್ಬೊಬ್ಬರು ತಮ್ಮ ತಮ್ಮ ಸಭೆಯಾಗ ಇದ ಮಾತು ಎತ್ತಿದ್ರ ಸಭೆಯ ಹೊತ್ತಾದ್ರೂ ಬದಲಾದೀತು.